ಇಕ್ಕೇರಿಯ ಅರಮನೆ: ಅಳಿದ ಕಟ್ಟಡ, ಉಳಿದ ಅಳತೆ

ಸಾಗರ ಪಟ್ಟಣದ ದಕ್ಷಿಣಕ್ಕೆ ಐದಾರು ಕಿ.ಮೀ. ದೂರದಲ್ಲಿರುವ ಇಕ್ಕೇರಿಗೆ ಬರುವವರು ಇಂದು ನೋಡುವುದು ಅಘೋರೇಶ್ವರ ದೇವಾಲಯವನ್ನು. ಕೆಳದಿ ಅರಸರ ರಾಜಧಾನಿಯಾಗಿದ್ದ ಈ ಹಳ್ಳಿಯಲ್ಲಿ ಅರಮನೆಯೊಂದಿತ್ತೆಂಬುದು ಕಣ್ಣಿಗೆ ಗೋಚರಿಸುವುದಿಲ್ಲ. ಹಾಗೆಂದು ಆ ಅರಮನೆ ಅಲ್ಪವಾದುದೆಂದೋ, ಶತ್ರುಗಳೇ ಅದನ್ನು ಬುಡಸಹಿತ ಕಿತ್ತರೆಂದೋ ತೀರ್ಮಾನಿಸುವುದು ಅವಸರವಾದೀತು. ಕಲ್ಲನ್ನಷ್ಟೇ ಸಾಕ್ಷ್ಯವೆಂದು ನಂಬುವ ಅಭ್ಯಾಸ ಮಲೆನಾಡಿಗೆ ಒಗ್ಗುವಂಥದಲ್ಲ.

ಕೆಳದಿ ಮನೆತನದ ಮೂಲಪುರುಷರಾದ ಚೌಡಪ್ಪ, ಭದ್ರಪ್ಪ ಸೋದರರು ಒಕ್ಕಲುತನದ ಹಿನ್ನೆಲೆಯವರು. ಅವರಿಗೆ ನಿಧಿ ದೊರೆತ ಕಥೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿಯೂ ಜನರ ಬಾಯಲ್ಲಿಯೂ ಉಳಿದಿದೆ. ವಿಜಯನಗರದ ಆಶ್ರಯದಲ್ಲಿ ಬೆಳೆದ ಈ ಮನೆತನವು 16ನೆಯ ಶತಮಾನದಲ್ಲಿ ಕೆಳದಿಯಿಂದ ಇಕ್ಕೇರಿಗೆ ನೆಲೆ ಬದಲಿಸಿತು. ಇಕ್ಕೇರಿ ಎಂದರೆ ಎರಡು ಕೇರಿ.

1623ರ ನವೆಂಬರಿನಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಊರಿನ ವಿವರವನ್ನು ಬರೆದಿಟ್ಟಿದ್ದಾನೆ. ಊರನ್ನು ಹೊಗಲು ಮೂರು ಬಾಗಿಲು, ಅಂದರೆ ಮೂರು ಸುತ್ತು. ಹೊರಗಿನ ಎರಡು ಸುತ್ತುಗಳು ಗೋಡೆಗಳೇ ಅಲ್ಲ; ಒತ್ತಾಗಿ ನೆಟ್ಟ ಎತ್ತರದ ಬಿದಿರ ಮೆಳೆಗಳು. ಕುದುರೆ, ಕಾಲಾಳು ಯಾರೂ ಸುಲಭವಾಗಿ ದಾಟಲಾರದ ಹಸಿರು ಕೋಟೆ ಅದು. ಮೂರನೆಯದು ಗೋಡೆಯಾದರೂ ದುರ್ಬಲವಾದುದು. ಬೀದಿಯಲ್ಲಿ ಬಣ್ಣದ ಕೋಲುಗಳನ್ನು ತಾಳಕ್ಕೆ ಹೊಡೆಯುತ್ತ ಹಾಡಿ ಕುಣಿಯುತ್ತಿದ್ದ ಹೆಂಗಸರನ್ನೂ ಅವನು ಕಂಡಿದ್ದಾನೆ. ಅವನ ಕಿವಿಗೆ ಬಿದ್ದ ಪಲ್ಲವಿಯ ಪದ ‘ಕೋಲೆ’. ಕೋಲಾಟದ ಚರಿತ್ರೆಯನ್ನು ಹುಡುಕುವವರು ಈ ಒಂದು ಪದವನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಪ್ರಕಾರ ಒಳಕೋಟೆಯಲ್ಲಿದ್ದ ಅರಮನೆ ಮಣ್ಣು ಮತ್ತು ಮರದ್ದು. ಕೆತ್ತನೆಯಿಂದಲೂ ಹೊಂಬಣ್ಣದ ಲೇಪದಿಂದಲೂ ಅಲಂಕೃತವಾದದ್ದು. ದೇವರಿಗೆ ಕಲ್ಲು, ಅರಸನಿಗೆ ಮರ ಎಂಬ ಈ ಹಂಚಿಕೆಯಲ್ಲಿಯೇ ಅರಮನೆಯ ಅಳಿವಿನ ಕಾರಣವೂ ಅಡಗಿದೆ. 1638ರ ಸುಮಾರಿಗೆ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಸೂರೆಗೊಂಡಿತು. ಬಳಿಕ ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಹೋಯಿತು. ವರ್ಷವರ್ಷವೂ ಮಾಡು ಸರಿಪಡಿಸುವವರಿಲ್ಲದ ಮೇಲೆ ಮಲೆನಾಡಿನ ಮಳೆಗೆ ಮಣ್ಣಿನ ಗೋಡೆ ನಿಲ್ಲುವುದೆಷ್ಟು ದಿನ? 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು, ರಾಣಿ ವೀರಮ್ಮಾಜಿಯೊಂದಿಗೆ ಈ ಮನೆತನದ ಆಳ್ವಿಕೆ ಮುಗಿಯುವ ಹೊತ್ತಿಗೆ ಇಕ್ಕೇರಿ ರಾಜಧಾನಿಯ ಪಟ್ಟ ಕಳೆದುಕೊಂಡು ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿತ್ತು.

ಹೆಸರು ಮಾತ್ರ ಹೋಗಲಿಲ್ಲ. ಟಂಕಸಾಲೆ ಸ್ಥಳಾಂತರಗೊಂಡ ಮೇಲೂ ನಾಣ್ಯ ಇಕ್ಕೇರಿ ವರಹವಾಗಿಯೇ ಚಲಾವಣೆಯಲ್ಲಿತ್ತು. ಇದಕ್ಕಿಂತ ಗಮನಾರ್ಹವಾದುದು ಅಳತೆಯ ಸಂಗತಿ. ಅಘೋರೇಶ್ವರ ದೇವಾಲಯದ ನಡುಗಂಬಗಳ ಅಂತರವೇ ತೋಟದ ಭೂಮಿಯ ಅಳತೆಗೆ ಪ್ರಮಾಣವಾಯಿತೆಂದೂ ಅದರ ಉದ್ದ 18 ಅಡಿ 6 ಅಂಗುಲವೆಂದೂ ರೈಸ್ ದಾಖಲಿಸಿದ್ದಾರೆ. ಶಿವಪ್ಪ ನಾಯಕನ ಶಿಸ್ತು ಹೆಸರಾಗಿರುವ ಈ ನಾಡಿನಲ್ಲಿ ಅಳತೆಯೆಂಬುದು ಕಂದಾಯದ ಮಾತು. ಅರಮನೆ ಕಣ್ಮರೆಯಾಗಿದ್ದರೂ ಅಡಕೆ ತೋಟದ ಒಡೆಯನಿಗೆ ತನ್ನ ಪಾಲಿನ ವಿವಾದದಲ್ಲಿ ತೋರಿಸಲು ಕದಲದ ಎರಡು ಕಂಬಗಳಿದ್ದವು.

ಅದೇ ದೇವಾಲಯದ ನೆಲಹಾಸಿನಲ್ಲಿ ಗರ್ಭಗುಡಿಗೆ ಎದುರಾಗಿ ಮೂವರು ಕೆಳದಿ ಅರಸರ ನಮಿಸುವ ಆಕೃತಿಗಳನ್ನು, ತಲೆಯ ಮೇಲುಗಡೆ ಅವರವರ ಹೆಸರನ್ನು ಕೆತ್ತಲಾಗಿದೆ. ಅರಮನೆಯಲ್ಲಿ ಮರದೊಡನೆ ಹೋದವರು ಇಲ್ಲಿ ಭಕ್ತರ ಕಾಲಡಿಯಲ್ಲಿ ಉಳಿದಿದ್ದಾರೆ. ಅವರಲ್ಲಿ ಒಬ್ಬನ ಕೈಕಾಲುಗಳಿಗೆ ಕೋಳ ತೊಡಿಸಿದಂತೆ ಬಿಡಿಸಲಾಗಿದೆ. ಅವನು ಹುಚ್ಚನೆಂದು ಹೆಸರಾದ ಅರಸ.