ನ್ಯಾನೋ ಕಣಗಳು ಕ್ಯಾನ್ಸರ್ ವಿರುದ್ಧ ಏನು ಮಾಡ್ತವೆ?

ನಮ್ಮ ಮೂವರ ಗ್ಯಾಂಗ್‌ನಲ್ಲಿ ಒಬ್ಬ ಬೀದರ್ ಸಿಟಿಯವನು, ಒಬ್ಬ ಭಾಲ್ಕಿಯವನು, ಇನ್ನೊಬ್ಬ ಔರಾದ್ ಕಡೆಯವನು. ಕಳೆದ ಸೆಮಿಸ್ಟರ್‌ನಲ್ಲಿ ಔರಾದ್ ಗೆಳೆಯನ ಮುತ್ಯಾನಿಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯ್ತು. ಹುಣ್ಣಾಗಿ ಆಗಲೇ ನಾಲ್ಕೈದು ತಿಂಗಳಾಗಿತ್ತು. ಯಾರು ಕೇಳಿದರೂ "ಸುಣ್ಣ ಹತ್ತ್ಯದ, ಹೋಗ್ತದ ಬಿಡು" ಅಂತಿದ್ದರಂತೆ. ಔರಾದ್‌ನಿಂದ ಬೀದರ್‌ಗೆ ಬಸ್, ಅಲ್ಲಿಂದ ಹೈದರಾಬಾದ್‌ಗೆ ಇನ್ನೂ ಸುಮಾರು 140 ಕಿ.ಮೀ. ಕೀಮೋ ಶುರುವಾದ ಮೇಲೆ ಕೂದಲು ಉದುರಿತು, ಊಟ ಸೇರಲಿಲ್ಲ. ಆಗ ಗೆಳೆಯ ಕೇಳಿದ: "ಕೆಮಿಸ್ಟ್ರಿ ಕ್ಲಾಸಿನಾಗ ನ್ಯಾನೋ ಮಟೀರಿಯಲ್ಸ್ ಓದೇವಲ್ಲಾ, ಅದು ಇದಕ್ಕ ಕೆಲಸಕ್ಕ ಬರಲ್ಲೇನು?" ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹುಡುಕಿ ಓದಿದ್ದನ್ನು ಇಲ್ಲಿ ಬರೀತಿದ್ದೀವಿ.

ಮೊದಲು ಅಳತೆ. ಒಂದು ಮೀಟರನ್ನು 100 ಕೋಟಿ ಭಾಗ ಮಾಡಿದರೆ ಒಂದು ಭಾಗವೇ 1 ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋ ಕಣ ಅಂತೀವಿ. ಈ ಗಾತ್ರಕ್ಕೆ ಬಂದರೆ ವಸ್ತುವಿನ ಗುಣವೇ ಬದಲಾಗುತ್ತೆ. ಹಳದಿ ಬಂಗಾರ ಕೆಂಪಾಗಿ ಕಾಣುತ್ತೆ. ಕೋವಿಡ್ ಕಿಟ್‌ನಲ್ಲಿ ಮೂಡುತ್ತಿದ್ದ ಕೆಂಪು ಗೆರೆ ನೆನಪಿದೆಯಾ? ಅಂಥ ಎಷ್ಟೋ ಕಿಟ್‌ಗಳಲ್ಲಿ ಆ ಬಣ್ಣ ಬಂಗಾರದ ನ್ಯಾನೋ ಕಣಗಳದ್ದೇ. ಇನ್ನೊಂದು ಲೆಕ್ಕ: 1 ಸೆಂ.ಮೀ. ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್! ಔಷಧಿ, ಆಂಟಿಬಾಡಿ ಏನೇ ಅಂಟಿಸಬೇಕಾದರೂ ಅಷ್ಟು ಜಾಗ ಸಿಗುತ್ತೆ.

ಪತ್ತೆ ಮಾಡೋದಕ್ಕೆ ಇದು ಹೇಗೆ ಉಪಯೋಗ? ಕ್ಯಾನ್ಸರ್ ಕೋಶಗಳು ಕೆಲವು ಪ್ರೋಟೀನ್‌ಗಳನ್ನು, ಡಿಎನ್‌ಎ ತುಣುಕುಗಳನ್ನು ರಕ್ತಕ್ಕೆ ಬಿಡ್ತವೆ. ಆದರೆ ಶುರುವಿನಲ್ಲಿ ಅವು ತುಂಬಾ ಕಡಿಮೆ ಇರ್ತವೆ. ಆ ಪ್ರೋಟೀನನ್ನೇ ಹಿಡಿಯುವ ಆಂಟಿಬಾಡಿಯನ್ನು ಬಂಗಾರದ ಕಣಕ್ಕೆ ಅಂಟಿಸಿದರೆ, ಪ್ರೋಟೀನ್ ಸಿಕ್ಕ ಕೂಡಲೇ ಬಣ್ಣವೋ ವಿದ್ಯುತ್ ಸಿಗ್ನಲ್ಲೋ ಬದಲಾಗುತ್ತೆ. ಸೆನ್ಸರ್ ಮಾಡೋರಿಗೆ ಅಷ್ಟು ಸಾಕು.

ಇನ್ನು ಚಿಕಿತ್ಸೆ. ಮಾಮೂಲಿ ಕೀಮೋ ಔಷಧಿ ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಕೊಲ್ಲುತ್ತೆ. ಕೂದಲಿನ ಬೇರು, ಬಾಯಿ-ಕರುಳಿನ ಒಳಪದರದ ಕೋಶಗಳೂ ವೇಗವಾಗಿ ಬೆಳೆಯುವಂಥವೇ, ಅದಕ್ಕೇ ಅವಕ್ಕೂ ಪೆಟ್ಟು ಬೀಳುತ್ತೆ. 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ಒಂದು ವಿಷಯ ತೋರಿಸಿದರು: ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಹಾಗಾಗಿ ದೊಡ್ಡ ಕಣಗಳು ಅಲ್ಲಿ ಹೊರಬಂದು ಉಳಿದುಕೊಳ್ತವೆ. ಔಷಧಿಯನ್ನು ಸುಮಾರು 100 ನ್ಯಾನೋಮೀಟರ್‌ನ ಕೊಬ್ಬಿನ ಗುಳ್ಳೆಯಲ್ಲಿ ತುಂಬಿದರೆ ಅದು ಆರೋಗ್ಯವಂತ ನಾಳದಿಂದ ಸುಲಭವಾಗಿ ಹೊರಬರಲ್ಲ, ಗಡ್ಡೆಯ ಹತ್ತಿರ ಹೊರಬರುತ್ತೆ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್ ಇಂಥದ್ದೇ. ಡಾಕ್ಸೊರುಬಿಸಿನ್‌ನಿಂದ ಹೃದಯಕ್ಕೆ ಆಗುವ ತೊಂದರೆ ಇದರಿಂದ ಕಡಿಮೆಯಾಯ್ತು. 2012ರಲ್ಲಿ ಅಲ್ಲಿ ಡಾಕ್ಸಿಲ್ ಕೊರತೆಯಾದಾಗ ನಮ್ಮ ಸನ್ ಫಾರ್ಮಾದ ಲಿಪೋಡಾಕ್ಸ್ ತರಿಸಿಕೊಂಡರು. 2005ರ ಅಬ್ರಾಕ್ಸೇನ್ ಇನ್ನೊಂದು ಉದಾಹರಣೆ. ಪ್ಯಾಕ್ಲಿಟಾಕ್ಸೆಲ್ ನೀರಿನಲ್ಲಿ ಕರಗಲ್ಲ. ಮೊದಲು ಔಡಲ ಎಣ್ಣೆಯಿಂದ ತಯಾರಾದ ದ್ರಾವಕದಲ್ಲಿ ಕೊಡ್ತಿದ್ದರು, ಅದು ಕೆಲವರಿಗೆ ಅಲರ್ಜಿ ಆಗ್ತಿತ್ತು. ಅಬ್ರಾಕ್ಸೇನ್‌ನಲ್ಲಿ ಅದನ್ನು ಆಲ್ಬುಮಿನ್ ಪ್ರೋಟೀನ್‌ಗೆ ಸೇರಿಸಿ ಸುಮಾರು 130 ನ್ಯಾನೋಮೀಟರ್ ಕಣ ಮಾಡಿದ್ದಾರೆ.

ಪತ್ತೆ, ಚಿಕಿತ್ಸೆ ಎರಡನ್ನೂ ಒಂದೇ ಕಣದಲ್ಲಿ ಮಾಡುವ ಪ್ರಯತ್ನ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. 2023ರಲ್ಲಿ ಐಐಎಸ್‌ಸಿಯ ಜಯಪ್ರಕಾಶ್ ಮತ್ತು ಅಶೋಕ್ ರಾಯಚೂರ್ ಅವರ ತಂಡಗಳು ತಾಮ್ರದ ಸಲ್ಫೈಡ್ ಮತ್ತು ಬಂಗಾರ ಸೇರಿಸಿ 8 ನ್ಯಾನೋಮೀಟರ್‌ಗಿಂತ ಚಿಕ್ಕ ಕಣ ತಯಾರಿಸಿದವು. ಬೆಳಕು ಬಿಟ್ಟರೆ ಅದು ಬಿಸಿಯಾಗಿ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತೆ. ಜೊತೆಗೆ ಅಲ್ಟ್ರಾಸೌಂಡ್ ಅಲೆಯನ್ನೂ ಹೊರಡಿಸುತ್ತೆ, ಅದರಿಂದ ಗಡ್ಡೆ ಎಲ್ಲಿದೆ ಅಂತ ಚಿತ್ರ ತೆಗೀಬಹುದು. ಆದರೆ ಇದನ್ನು ಪರೀಕ್ಷೆ ಮಾಡಿದ್ದು ಲ್ಯಾಬಿನಲ್ಲಿ ಬೆಳೆಸಿದ ಶ್ವಾಸಕೋಶ ಮತ್ತು ಗರ್ಭಕಂಠದ ಕ್ಯಾನ್ಸರ್ ಕೋಶಗಳ ಮೇಲೆ. ರೋಗಿಗಳ ತನಕ ಬರೋದಕ್ಕೆ ದಾರಿ ಇನ್ನೂ ದೂರ ಇದೆ.

ದೊಡ್ಡ ತೊಡಕು ಇನ್ನೊಂದಿದೆ. 2016ರಲ್ಲಿ ಟೊರಾಂಟೋದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಪ್ರಯೋಗಗಳನ್ನು ಕೂಡಿಸಿ ನೋಡಿತು. ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆ ತಲುಪಿದ್ದು ಶೇ. 0.7 ಮಾತ್ರ (ಮೀಡಿಯನ್ ಲೆಕ್ಕ). ಅಂದರೆ ಸಾವಿರ ಕಣಗಳಲ್ಲಿ ಏಳು! ಉಳಿದವುಗಳಲ್ಲಿ ಬಹಳಷ್ಟನ್ನು ಲಿವರ್, ಸ್ಪ್ಲೀನ್ ಹಿಡಿದುಕೊಳ್ತವೆ.

ಗೆಳೆಯನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕೆಲಸಕ್ಕೆ ಬರುತ್ತೆ, ಆದರೆ ಎಲ್ಲದಕ್ಕೂ ಅಲ್ಲ. ಡಾಕ್ಸಿಲ್, ಅಬ್ರಾಕ್ಸೇನ್‌ಗೆ ಅಮೆರಿಕದಲ್ಲಿ ಅನುಮತಿ ಇರೋದು ಅಂಡಾಶಯ, ಸ್ತನ, ಶ್ವಾಸಕೋಶದಂಥ ಕ್ಯಾನ್ಸರ್‌ಗಳಿಗೆ, ಬಾಯಿ ಕ್ಯಾನ್ಸರ್‌ಗೆ ಅಲ್ಲ. ಮುತ್ಯಾಗೆ ಕೊಟ್ಟಿದ್ದು ಮಾಮೂಲಿ ಕೀಮೋನೇ. ಅವರ ವಿಷಯದಲ್ಲಿ ಕಳೆದುಹೋಗಿದ್ದು ಆ ನಾಲ್ಕೈದು ತಿಂಗಳು. ಬಾಯಿ ಕ್ಯಾನ್ಸರ್ ಅನುಮಾನ ಹುಟ್ಟೋಕೆ ಡಾಕ್ಟರಿಗೆ ಒಂದು ಟಾರ್ಚ್ ಸಾಕು, ಖಚಿತ ಮಾಡೋಕೆ ಬಯಾಪ್ಸಿ ಬೇಕು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ.

ಹಾಗಾಗಿ ಈ ಸಲ ಊರಿಗೆ ಹೋದಾಗ ಮನೆಯಲ್ಲಿ ತಂಬಾಕು, ಗುಟ್ಕಾ ಹಾಕುವವರಿದ್ದರೆ ಒಂದು ಮಾತು ಕೇಳಿ: ಎರಡು-ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ, ಬಾಯಿ ಪೂರ್ತಿ ತೆರೆಯೋಕೆ ಆಗುತ್ತಾ? ಇದ್ದರೆ "ಹೋಗ್ತದ ಬಿಡು" ಅನ್ನೋಕೆ ಬಿಡಬೇಡಿ, ಕರ್ಕೊಂಡು ಹೋಗಿ ತೋರಿಸಿ. ಸಾವಿರದಲ್ಲಿ ಏಳು ಅನ್ನೋದನ್ನು ಎಪ್ಪತ್ತು ಮಾಡುವ ಕೆಲಸ ಮಾತ್ರ ನಮ್ಮಂಥ ಎಂಜಿನಿಯರ್‌ಗಳಿಗೆ ಬಾಕಿ ಇದೆ. ಮೆಕ್ಯಾನಿಕಲ್, ಇಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಯಾವ ಬ್ರಾಂಚ್‌ನವರಿಗಾದರೂ ಅದರಲ್ಲಿ ಕೆಲಸ ಇದೆ.