ಶುಶ್ರೂಷೆಯ ಪದವಿಯೂ ಮೊದಲ ಎರಡು ವರ್ಷವೂ

ಮಗಳನ್ನು ಬಿ.ಎಸ್ಸಿ. ನರ್ಸಿಂಗಿಗೆ ಸೇರಿಸಲು ಹೊರಟ ತಂದೆತಾಯಿಗಳು ಮೊದಲು ಕೇಳುವ ಮಾತೊಂದೇ: ‘ಓದು ಮುಗಿದ ಮೇಲೆ ಕೆಲಸಕ್ಕೇನೂ ತೊಂದರೆಯಿಲ್ಲವಷ್ಟೆ?’ ಕೆಲಸಕ್ಕೆ ತೊಂದರೆಯಿಲ್ಲವೆಂದು ನಿಸ್ಸಂಕೋಚವಾಗಿ ಹೇಳಬಹುದು. ಜಗತ್ತಿಗೆ ಸುಮಾರು 59 ಲಕ್ಷ ಮಂದಿ ಶುಶ್ರೂಷಕರು ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರ ತನ್ನ ವರದಿಯಲ್ಲಿ ಎಣಿಕೆಮಾಡಿತ್ತು. ಆ ಕೊರತೆಗೂ, ಬೆಂಗಳೂರಿನ ಯಾವುದೋ ಸಣ್ಣ ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದು, ಸಂಬಳದಲ್ಲಿ ಹಾಸ್ಟೆಲಿನ ಬಾಡಿಗೆ ಕಳೆದು ಉಳಿದುದನ್ನು ಎಣಿಸುವ ಹೊಸ ಪದವೀಧರೆಯ ಸ್ಥಿತಿಗೂ ಏನೊಂದು ಸಂಬಂಧವೂ ಕಾಣದಿರುವುದೇ ಈ ವೃತ್ತಿಯ ವೈಚಿತ್ರ್ಯ.

ಕಾರಣ ಗೂಢವಾದುದೇನಲ್ಲ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪಿತವಾದ ತರುವಾಯ ನಾಡಿನಲ್ಲಿ ನೂರಾರು ಶುಶ್ರೂಷಾ ಕಾಲೇಜುಗಳು ತಲೆಯೆತ್ತಿ, ನಮ್ಮ ಮಕ್ಕಳಲ್ಲದೆ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದವರು ವರ್ಷವರ್ಷವೂ ಇಲ್ಲಿಯೇ ಪದವಿ ಪಡೆದು ಹೊರಬೀಳುತ್ತಿರುವಾಗ, ಖಾಸಗಿ ಆಸ್ಪತ್ರೆಯ ಒಡೆಯನಿಗೆ ಒಬ್ಬಳು ಬಿಟ್ಟುಹೋದರೆ ಮತ್ತೊಬ್ಬಳು ಸಿದ್ಧಳಿರುವಳೆಂಬ ಧೈರ್ಯ. ಹೊಸಬರಿಗೆ ಸಂಬಳಕ್ಕಿಂತ ಅನುಭವಪತ್ರವೇ ಮುಖ್ಯವೆಂಬ ಮರ್ಮವನ್ನೂ ಅವನು ಬಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಕೇಂದ್ರ ಸರಕಾರವು ನೇಮಿಸಿದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳುಳ್ಳ ಖಾಸಗಿ ಆಸ್ಪತ್ರೆಗಳು ಆಯಾ ರಾಜ್ಯದ ಸರಕಾರೀ ಶುಶ್ರೂಷಕರಿಗೆ ಸಮಾನವಾದ ವೇತನವನ್ನು ಕೊಡತಕ್ಕುದೆಂದೂ, 50ಕ್ಕಿಂತ ಕಡಮೆ ಹಾಸಿಗೆಗಳ ಸಣ್ಣ ಆಸ್ಪತ್ರೆಯಲ್ಲಿಯೂ ಅದು ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಕೂಡದೆಂದೂ ಶಿಫಾರಸು ಮಾಡಿತು. ಜಾರಿಯ ಹೊಣೆ ರಾಜ್ಯಗಳ ಪಾಲಿಗೆ ಬಿದ್ದುದರಿಂದ ಆ ಶಿಫಾರಸು ಬಹುಮಟ್ಟಿಗೆ ಕಡತದಲ್ಲಿಯೇ ವಿಶ್ರಮಿಸುತ್ತಿದೆ. ರೋಗಿಯ ಬಿಲ್ಲಿನಲ್ಲಿ ಶುಶ್ರೂಷಾ ಶುಲ್ಕವೆಂಬ ಬಾಬು ಮಾತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ.

ಸರಕಾರೀ ಸೇವೆಯ ಮಾತು ಬೇರೆ. ಏಮ್ಸ್ ಸಂಸ್ಥೆಗಳು ‘ನಾರ್ಸೆಟ್’ ಎಂಬ ಅಖಿಲ ಭಾರತ ಪರೀಕ್ಷೆಯಿಂದ ಆಯ್ದುಕೊಳ್ಳುವ ನರ್ಸಿಂಗ್ ಆಫೀಸರರ ಮೂಲವೇತನವು ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ 44,900 ರೂಪಾಯಿಯಿಂದ ಮೊದಲಾಗುತ್ತದೆ. ಬಿ.ಎಸ್ಸಿ. ಪದವೀಧರರು ಇದಕ್ಕೆ ನೇರವಾಗಿ ಅರ್ಜಿ ಹಾಕಬಹುದು, ಜಿ.ಎನ್.ಎಂ. ಡಿಪ್ಲೊಮಾದವರು ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿರಬೇಕು. ಇಲ್ಲಿ ನೂರಕ್ಕೆ 80 ಸ್ಥಾನಗಳು ಸ್ತ್ರೀಯರಿಗೇ ಮೀಸಲಾಗಿವೆಯೆಂಬುದನ್ನು ಈ ವೃತ್ತಿಗೆ ಬರುವ ಗಂಡುಮಕ್ಕಳು ಮರೆಯಲಾಗದು. ಆಯುಷ್ಮಾನ್ ಭಾರತ ಯೋಜನೆಯು 2018ರಿಂದ ಹಳ್ಳಿಯ ಉಪಕೇಂದ್ರಗಳಿಗೆ ತಂದ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಯೂ ಒಂದುಂಟು: ರಕ್ತದೊತ್ತಡವನ್ನೂ ಸಕ್ಕರೆಕಾಯಿಲೆಯನ್ನೂ ಊರಿನಲ್ಲಿಯೇ ಗುರುತಿಸುವ ಈ ಕೆಲಸಕ್ಕೆ ಗೌರವವಿದೆ, ಆದರೆ ನೇಮಕ ಗುತ್ತಿಗೆಯದು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ ರಾಜ್ಯದ ಹುದ್ದೆಗಳಲ್ಲಿ 371(ಜೆ) ವಿಧಿಯ ಮೀಸಲಾತಿ ಇದ್ದೇ ಇದೆ.

ಇನ್ನು ವಿದೇಶ. ಕೊಲ್ಲಿ ದೇಶಗಳ ಆಸ್ಪತ್ರೆಗಳು ಸಾಮಾನ್ಯವಾಗಿ ಕೇಳುವುದೂ ಎರಡು ವರ್ಷದ ಅನುಭವವನ್ನೇ. ಸೌದಿ ಅರೇಬಿಯಾದಂತಹ, ವಲಸೆ ತಪಾಸಣೆ ಕಡ್ಡಾಯವಾದ ದೇಶಗಳಿಗೆ ಶುಶ್ರೂಷಕರನ್ನು ಕಳುಹಿಸುವ ಅಧಿಕಾರವು 2015ರಿಂದ ಸರಕಾರವು ಗೊತ್ತುಮಾಡಿದ ಸಂಸ್ಥೆಗಳಿಗಷ್ಟೇ ಸೇರಿದುದಾದ್ದರಿಂದ, ಲಕ್ಷಗಟ್ಟಲೆ ಕಮಿಷನ್ ಕೇಳುವ ದಳ್ಳಾಳಿಯನ್ನು ಬಾಗಿಲಿನಿಂದಲೇ ಹಿಂದಿರುಗಿಸುವುದು ಕ್ಷೇಮ. ಜರ್ಮನಿಯಲ್ಲಿ ಪೂರ್ಣ ಪರವಾನಗಿಗೆ ಆ ಭಾಷೆಯಲ್ಲಿ ಸಾಮಾನ್ಯವಾಗಿ ಬಿ2 ಮಟ್ಟದ ಪ್ರಭುತ್ವ ಬೇಕು. ಅಮೆರಿಕಕ್ಕೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು.

ಹೀಗೆ ಎತ್ತ ಹೊರಟರೂ ದಾರಿಯು ಬಹುಮಟ್ಟಿಗೆ ಆ ಮೊದಲ ಎರಡು ವರ್ಷಗಳ ಮೂಲಕವೇ ಹಾಯುತ್ತದೆ. ಅವನ್ನು ತುರ್ತುನಿಗಾ ಘಟಕದಲ್ಲಿಯೋ ಡಯಾಲಿಸಿಸ್ ವಿಭಾಗದಲ್ಲಿಯೋ ಹಿರಿಯ ಸಿಸ್ಟರೊಬ್ಬರ ಕೈಕೆಳಗೆ ಕಳೆದವಳಿಗೂ, ಡ್ರಿಪ್ ಬದಲಿಸುತ್ತ ಕಳೆದವಳಿಗೂ ಕೊಡುವ ಅನುಭವಪತ್ರ ಒಂದೇ ಆದರೂ, ಸಂದರ್ಶನದ ಕೋಣೆಯಲ್ಲಿ ಅಂತರ ಅರೆಗಳಿಗೆಯಲ್ಲಿ ಬಯಲಾಗುತ್ತದೆ. ಆದಕಾರಣ, ಕಾಲೇಜನ್ನು ಆರಿಸುವ ಮುನ್ನ ಅದರ ಆಸ್ಪತ್ರೆಯ ವಾರ್ಡುಗಳಲ್ಲಿ ಒಂದು ಸಂಜೆ ಸುಮ್ಮನೆ ನಡೆದಾಡಿ, ಹಾಸಿಗೆಗಳನ್ನು ಬಿಟ್ಟು ರೋಗಿಗಳನ್ನು ಎಣಿಸಿರಿ. ಕೆಲಸಕ್ಕೆ ಸೇರುವ ದಿನ ‘ಬಾಂಡ್’ ಎಂದು ಹೇಳಿ ಮೂಲ ಅಂಕಪಟ್ಟಿಯನ್ನು ಕೇಳಿದರೆ, ನಕಲನ್ನು ಕೊಟ್ಟು ಮೂಲವನ್ನು ಮನೆಯ ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳಿರಿ.