ಬಾಣಂತಿಯ ಆರೋಗ್ಯಕ್ಕೂ ಗಮನವಿರಲಿ

ಮನೆಗೆ ಕೂಸು ಬಂದಾಗ ಲಿಂಗಧಾರಣೆ, ತೊಟ್ಟಿಲು, ನಾಮಕರಣಗಳ ಸಂಭ್ರಮದಲ್ಲಿ ಹೆತ್ತವಳ ಆರೋಗ್ಯದತ್ತ ನಮ್ಮ ಗಮನ ಕಡಿಮೆಯಾಗುತ್ತದೆ. ಹತ್ತರಗಿಯಲ್ಲಾಗಲಿ, ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಇತರ ಊರುಗಳಲ್ಲಾಗಲಿ ಸಿಜೇರಿಯನ್ ಹೆರಿಗೆ ಈಗ ಅಪರೂಪವಲ್ಲ. ಆ ಶಸ್ತ್ರಕ್ರಿಯೆಯ ವೇಳೆಗೆ ಅಥವಾ ತರುವಾಯ ಗರ್ಭಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಮಾತ್ರ ಅತಿ ವಿರಳ. ವಿರಳವಾದುದರಿಂದಲೇ ಅದು ಕಣ್ತಪ್ಪುವ ಸಂಭವ ಹೆಚ್ಚು.

ಶಸ್ತ್ರಕ್ರಿಯೆಯಲ್ಲಿ ಕಾಣುವ ಗಡ್ಡೆಗಳು ಬಹುತೇಕ ನಿರಪಾಯಕರವಾದ ಫೈಬ್ರಾಯ್ಡ್‌ಗಳೇ. ಆದರೆ ಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆಯೂ ಬರಿಗಣ್ಣಿಗೆ ಹಾಗೆಯೇ ಕಾಣಬಹುದು. ಸೂಕ್ಷ್ಮದರ್ಶಕದ ಪರೀಕ್ಷೆಯೇ ಅದನ್ನು ನಿರ್ಣಯಿಸಬೇಕು. ಆದ್ದರಿಂದ ತೆಗೆದ ಗಡ್ಡೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೇ, ವರದಿ ಬಂದಿತೇ ಎಂದು ವೈದ್ಯರನ್ನು ಕೇಳಬೇಕು. ಗಡ್ಡೆಯನ್ನು ಹಾಗೆಯೇ ಬಿಟ್ಟಿದ್ದರೆ ಮರುತಪಾಸಣೆ ಯಾವಾಗ ಎಂದು ವಿಚಾರಿಸಬೇಕು.

ಇನ್ನೊಂದು ಬಗೆಯದು ಮಾಸಿನ ಜೀವಕೋಶಗಳಿಂದ ಹುಟ್ಟುವ ಕೋರಿಯೋಕಾರ್ಸಿನೋಮಾ. ಹೆರಿಗೆಯಾದ ಕೆಲವು ವಾರ ಅಥವಾ ತಿಂಗಳುಗಳ ಅನಂತರವೂ ಅದು ತಲೆದೋರಬಹುದು. ಬಾಣಂತಿಯ ಸ್ರಾವ ಸಾಮಾನ್ಯವಾಗಿ 6 ವಾರಗಳೊಳಗೆ ನಿಲ್ಲುತ್ತದೆ. ಅದು ನಿಲ್ಲದಿದ್ದರೆ, ನಿಂತು ಮತ್ತೆ ಹೆಚ್ಚಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ ತಡಮಾಡಲಾಗದು. ಎಚ್‌ಸಿಜಿ ಎಂಬ ರಕ್ತಪರೀಕ್ಷೆ ಇದರ ಸುಳಿವನ್ನು ಕೊಡುತ್ತದೆ. 1956ರಲ್ಲಿ ಅಮೆರಿಕೆಯ ವೈದ್ಯರಾದ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ ಮೆಥೊಟ್ರೆಕ್ಸೇಟ್ ಔಷಧದಿಂದ ಈ ರೋಗ ಹಿಮ್ಮೆಟ್ಟುವುದನ್ನು ತೋರಿಸಿಕೊಟ್ಟರು. ಇಂದು ಶ್ವಾಸಕೋಶಕ್ಕೆ ಹರಡಿದ್ದರೂ ಬಹಳಷ್ಟು ಮಂದಿ ಗುಣಹೊಂದುತ್ತಾರೆ. ಅನೇಕರಿಗೆ ಗರ್ಭಕೋಶವನ್ನು ತೆಗೆಯಬೇಕಾಗುವುದೂ ಇಲ್ಲ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಕೆಲವು ತಿಂಗಳ ಮೇಲೆ ಮಗಳು ಗಂಡನ ಮನೆಗೆ ಹೊರಡುತ್ತಾಳೆ. ಆಸ್ಪತ್ರೆಯ ಕಾಗದಗಳು ತವರಿನ ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ. ಉಡಿ ತುಂಬಿ ಕಳುಹಿಸುವಾಗ ಆ ಕಾಗದಗಳನ್ನೂ ಜೊತೆಗೆ ಕೊಡಬೇಕು. ಮುಂದೆ ನೋಡುವ ವೈದ್ಯರಿಗೆ ಅವೇ ದಾರಿ ತೋರುತ್ತವೆ. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ.

ಇಷ್ಟಿದ್ದರೂ ಸ್ರಾವದ ಮಾತನ್ನು ಹೇಳಲು ಸೊಸೆ ನಾಚುತ್ತಾಳೆ, ಕೇಳಲು ಅತ್ತೆ ಹಿಂಜರಿಯುತ್ತಾಳೆ. ಜನನಸೂತಕವನ್ನೂ ರಜಸ್ಸೂತಕವನ್ನೂ ಶರಣರು 12ನೆಯ ಶತಮಾನದಲ್ಲಿಯೇ ಅಲ್ಲಗಳೆದರು. ಸೂತಕವಿಲ್ಲವೆಂದು ನಂಬುವ ನಮಗೆ ಈ ಸಂಕೋಚವೇಕೆ? ಕೂಸಿಗೆ ಲಸಿಕೆ ಹಾಕಿಸಲು ಹೋದ ದಿನವೇ ತಾಯಿಯನ್ನೂ ವೈದ್ಯರಿಗೆ ತೋರಿಸೋಣ. ತೊಟ್ಟಿಲು ತೂಗುವ ಕೈ ಗಟ್ಟಿಯಾಗಿದ್ದರೆ ಮನೆಯೂ ಗಟ್ಟಿ.